ಮಾರ್ನಿಂಗ್ಟನ್ ಯಾರು, ವೆಲ್ಲೆಸ್ಲಿ ಯಾರು: ಬಿರುದುಗಳ ಜೊತೆ ನನ್ನ ಅನುಭವ

ನಾಲ್ಕನೇ ಮೈಸೂರು ಯುದ್ಧದ ಪತ್ರಗಳನ್ನು ಕನ್ನಡಕ್ಕೆ ತರುವಾಗ ನಾನು ಒಬ್ಬನನ್ನು ಇಬ್ಬರು ಮಾಡಿದ್ದೆ, ಇಬ್ಬರನ್ನು ಒಬ್ಬ ಮಾಡಿದ್ದೆ. 1799ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಪತ್ರಗಳಲ್ಲಿ ತನ್ನ ಬಿರುದಿನ ಹೆಸರಿನಿಂದ ‘ಮಾರ್ನಿಂಗ್ಟನ್’. ವರ್ಷದ ಕೊನೆಗೆ ಬಿರುದು ಏರಿ ಅದೇ ಮನುಷ್ಯ ಮಾರ್ಕ್ವೆಸ್ ವೆಲ್ಲೆಸ್ಲಿ. ನಾನು ಬೇರೆ ಬೇರೆ ಅಂದುಕೊಂಡೆ. ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ವೆಲ್ಲೆಸ್ಲಿ ಅವನ ತಮ್ಮ ಆರ್ಥರ್. ಅವನನ್ನು ಅಣ್ಣನ ಜೊತೆ ಸೇರಿಸಿಬಿಟ್ಟೆ. ಗೊತ್ತಾಗಿದ್ದು ಅಚ್ಚಾದ ಮೇಲೆ. ಎರಡು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಮತ್ತೆ ಅಚ್ಚು ಹಾಕಬೇಕಾಯಿತು. ನನ್ನ ದುಡ್ಡಿನಲ್ಲಿ ಸುಮಾರು 7,000 ರೂಪಾಯಿ ಮುರಿದುಕೊಂಡರು. ಪದಕ್ಕೆ 80 ಪೈಸೆ ಸಿಗುತ್ತಿದ್ದ ಕಾಲ ಅದು. ಹತ್ತು ದಿನದ ದುಡಿಮೆ ಹೋಯಿತು.

ಆಮೇಲೆ ಒಬ್ಬೊಬ್ಬರಿಗೂ ಒಂದು ಕಾರ್ಡ್ ಬರೆಯಲು ಶುರು ಮಾಡಿದೆ. ಮೇಲೆ ಹುಟ್ಟಿದ ಹೆಸರು, ಕೆಳಗೆ ಇಸವಿ ಪ್ರಕಾರ ಬಿರುದು. ಹಿರಿಯ ಅನುವಾದಕರೊಬ್ಬರು, ‘ಇಷ್ಟೆಲ್ಲ ಯಾಕಪ್ಪಾ? ಎಲ್ಲರಿಗೂ ಪ್ರಭು ಅಂತ ಹಾಕು, ಸಾಕು’ ಅಂದರು. ಸಾಕಾಗಲ್ಲ. ಆರ್ಥರ್‌ನ ಕಾರ್ಡೇ ನೋಡಿ: 1804ರಲ್ಲಿ ಸರ್, 1809ರಲ್ಲಿ ವೈಕೌಂಟ್, 1812ರಲ್ಲಿ ಅರ್ಲ್, ಅದೇ ವರ್ಷ ಮಾರ್ಕ್ವೆಸ್, 1814ರಲ್ಲಿ ಡ್ಯೂಕ್. ಪ್ರಭು ಅಂದುಬಿಟ್ಟರೆ ಈ ಹತ್ತು ವರ್ಷದ ಏರಿಕೆಯೇ ಕಾಣುವುದಿಲ್ಲ. ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆ ಹಿಡಿದಾಗ ಅರ್ಲ್. ಮಾರ್ಕ್ವೆಸ್ ಆಗಿದ್ದು 1792ರಲ್ಲಿ, ಟಿಪ್ಪುವಿನ ಜೊತೆ ಒಪ್ಪಂದ ಆದ ಮೇಲೆ. ತಾರೀಖಿಲ್ಲದ ಎರಡು ಪತ್ರಗಳ ಕಾಲವನ್ನು ಬರೀ ಬಿರುದು ನೋಡಿ ನಾನೇ ಹಿಡಿದೆ. ಬೇರೆಯವರು ಅವನ್ನು ಬದಿಗಿಟ್ಟಿದ್ದರು.

ನಡುವೆ ನಮ್ಮ ಶಾಸನಗಳ ಪದ ಹಾಕಿಯೂ ನೋಡಿದೆ. ಮೂರು ವಾರ ಅದಕ್ಕೇ ಹೋಯಿತು. ಡ್ಯೂಕ್‌ನ ಮೂಲ ಲ್ಯಾಟಿನ್ನಿನ ‘ಡುಕ್ಸ್’, ಸೇನೆ ನಡೆಸುವವನು. ಹಾಗಾಗಿ ‘ದಂಡನಾಯಕ’ ಅಂದೆ. ಆದರೆ ಇಂಗ್ಲೆಂಡಿನ ಮೊದಲ ಡ್ಯೂಕ್, 1337ರ ಕಾರ್ನ್‌ವಾಲ್ ಡ್ಯೂಕ್, ಏಳು ವರ್ಷವೂ ತುಂಬದ ರಾಜಕುಮಾರ! ‘ಮಹಾಮಂಡಲೇಶ್ವರ’ವೂ ಕೂರಲಿಲ್ಲ. ನಮ್ಮ ಮಹಾಮಂಡಲೇಶ್ವರರು ಬಿರುದಿನ ಜೊತೆ ಒಂದು ನಾಡನ್ನೂ ಆಳುತ್ತಿದ್ದರು ಅಲ್ವಾ? ಡ್ಯೂಕ್‌ಗೆ ಹಾಗಿಲ್ಲ: ಡೆವನ್‌ಶೈರ್ ಡ್ಯೂಕ್‌ನ ಮನೆತನದ ಅರಮನೆ ಇರುವುದು ಬೇರೆ ಸೀಮೆಯಾದ ಡರ್ಬಿಶೈರ್‌ನಲ್ಲಿ. ಅರ್ಲ್‌ನ ಹೆಂಡತಿ ಕೌಂಟೆಸ್: ಅರ್ಲ್ ಹಳೆಯ ಇಂಗ್ಲಿಷ್ ಪದ, ಅದಕ್ಕೆ ಹೆಣ್ಣು ರೂಪ ಇರಲಿಲ್ಲ, ಫ್ರೆಂಚಿನಿಂದ ಬಂದದ್ದೇ ನಿಂತಿತು. ಇವನ್ನು ಕನ್ನಡ ಮಾಡಲು ಹೋಗಬೇಡಿ. ಇದ್ದ ಹಾಗೇ ಬರೆಯಿರಿ.

ರಿಚರ್ಡ್ ವೆಲ್ಲೆಸ್ಲಿಗೆ ಸಿಕ್ಕ ಮಾರ್ಕ್ವೆಸ್ ಪದವಿ ಐರ್ಲೆಂಡಿನದು. ಬ್ರಿಟನ್ನಿನದಕ್ಕಿಂತ ಕೆಳಗಿನದು ಅಂತ ಅವನು ಬಹಳ ನೊಂದುಕೊಂಡ. ಐರಿಷ್ ಪದವಿಯನ್ನು ಬೇಗ ಗುರುತಿಸುವ ಒಂದು ದಾರಿ ನನಗೆ ಗೊತ್ತು. ಇಲ್ಲಿ ಬರೆಯಲ್ಲ, ಅದು ನನ್ನ ಅನ್ನ.

ಈಗ ಡಬ್ಬಿಯಲ್ಲಿ 140ರ ಹತ್ತಿರ ಕಾರ್ಡ್ ಇವೆ. ಕಳೆದ ವರ್ಷ ಅದೇ ಹಿರಿಯರು ಫೋನ್ ಮಾಡಿದರು: ‘1799ರಲ್ಲಿ ಶ್ರೀರಂಗಪಟ್ಟಣ ಹಿಡಿದ ಸೇನೆಯ ಮುಖ್ಯಸ್ಥ ಜನರಲ್ ಹ್ಯಾರಿಸ್‌ಗೆ ಆಗಲೇ ಲಾರ್ಡ್ ಅನ್ನಬಹುದಾ?’ ಕಾರ್ಡ್ ತೆಗೆದು ಓದಿದೆ. ‘ಇಲ್ಲ ಸರ್, ಲಾರ್ಡ್ ಅನ್ನಿಸಿಕೊಳ್ಳುವ ಬ್ಯಾರನ್ ಪದವಿ ಬಂದಿದ್ದು 1815ರಲ್ಲಿ. ಬಿರುದಿನಲ್ಲೇ ಶ್ರೀರಂಗಪಟ್ಟಣ, ಮೈಸೂರು ಎರಡೂ ಇವೆ.’ ಅವರು ನಿಧಾನವಾಗಿ ಬರೆದುಕೊಂಡರು. ಆಮೇಲೆ ಇನ್ನೂ ನಾಲ್ಕು ಹೆಸರು ಕೇಳಿದರು.