ನೂರು ಗುಂಡಿಗಳ ಸಾಲ

16, 17 ವಯಸ್ಸಿನ ಮಕ್ಕಳಿಗೆ ನಾನು ಗಣಿತ ಹೇಳಿಕೊಡುತ್ತೇನೆ. ಓದಿಗೆ ತೆಗೆಯುವ ಸಾಲದ ಬಗ್ಗೆ ಮೊದಲ ಸಲ ಪಾಠ ಮಾಡಿದಾಗ ಚಕ್ರಬಡ್ಡಿಯ ಸೂತ್ರ ಬರೆದು, ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಬುದ್ಧಿಯನ್ನೂ ಹೇಳಿದ್ದೆ. ಅರ್ಧ ಕ್ಲಾಸು ಆಕಳಿಸಿತು. ಮುಂದೆ ಓದಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಕಾಲು ಮಡಚಿಕೊಳ್ಳಿ ಅಂದರೆ ಇನ್ನೇನು ಮಾಡುತ್ತಾರೆ?

ಮುಂದಿನ ವರ್ಷ ಒಂದು ಡಬ್ಬಿ ಅಂಗಿ ಗುಂಡಿ ತಗೊಂಡು ಹೋದೆ. ಮೇಜಿನ ಮೇಲೆ 100 ಗುಂಡಿ ಎಣಿಸಿಟ್ಟೆ. ‘ಇದು ಅಸಲು. ವರ್ಷಕ್ಕೆ ಶೇಕಡಾ 12 ಬಡ್ಡಿ. ಕೋರ್ಸು 4 ವರ್ಷ, ಅಲ್ಲಿವರೆಗೆ ಕಂತು ಕಟ್ಟಬೇಕಾಗಿಲ್ಲ.’

‘ಹಾಗಾದ್ರೆ ಆರಾಮ್ ಅಲ್ವಾ ಮೇಡಂ’ ಅಂದ ಒಬ್ಬ.

ನಾನೂ ಓದುವಾಗ ಹಾಗೇ ಅಂದುಕೊಂಡಿದ್ದೆ. ಕಂತಿಗೆ ರಜೆ ಅಂದರೆ ಬಡ್ಡಿಗೂ ರಜೆ ಅಂತ! ಓದು ಮುಗಿದ ಮೇಲೆ ಬಂದ ಕಾಗದ ನೋಡಿದರೆ ಅಸಲೇ ಬೆಳೆದಿತ್ತು. ಸಹಿ ಹಾಕಿಸಿಕೊಂಡವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಡಬ್ಬಿಯನ್ನು ಅವನ ಕೈಗೇ ಕೊಟ್ಟೆ. ಮೊದಲ ವರ್ಷಕ್ಕೆ 12 ಗುಂಡಿ ಸೇರಿಸಿದ. ಎರಡನೇ ವರ್ಷಕ್ಕೂ 12 ಹಾಕಲು ಹೋದ. ‘ಲೋ, ಈಗ 112ಕ್ಕೆ ಬಡ್ಡಿ ಕಣೋ’ ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು. ಸರಿ, 13. ಆಮೇಲೆ 15, 17. ಕೊನೆಗೆ ಮೇಜಿನ ಮೇಲೆ 157 ಗುಂಡಿ. ಇದನ್ನು 10 ವರ್ಷದ ತಿಂಗಳ ಕಂತಿನಲ್ಲಿ ತೀರಿಸಿದರೆ ಒಟ್ಟು ಸುಮಾರು 271 ಕಟ್ಟಬೇಕು. ಮೊದಲ ಕಂತಿನಲ್ಲಿ ಹತ್ತಿರ ಹತ್ತಿರ ಶೇಕಡಾ 70 ಬರೀ ಬಡ್ಡಿಗೇ ಹೋಗುತ್ತದೆ.

‘ಓದುವಾಗಲೇ ಬಡ್ಡಿ ಮಾತ್ರ ಕಟ್ಟಿಬಿಟ್ರೆ?’ ಒಬ್ಬ ಹುಡುಗಿ ಕೇಳಿದಳು. ನನಗೆ ಬೇಕಾಗಿದ್ದೂ ಇದೇ ಪ್ರಶ್ನೆ. 4 ವರ್ಷಕ್ಕೆ 48 ಗುಂಡಿ ಕೊಟ್ಟರೆ ಅಸಲು 100ರಲ್ಲೇ ನಿಲ್ಲುತ್ತದೆ. ಆಮೇಲಿನ ಕಂತೂ ಸೇರಿ ಒಟ್ಟು ಸುಮಾರು 220. ಎಲ್ಲ ಸಾಲಕ್ಕೂ ಲೆಕ್ಕ ಹೀಗೇ ಇರುವುದಿಲ್ಲ. ಕೆಲವದರಲ್ಲಿ ಓದುವ ಕಾಲದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ಅದಕ್ಕೇ ಸಹಿಗೆ ಮುಂಚೆ ಕೇಳಿ ತಿಳಿದುಕೊಳ್ಳಿ ಅಂದೆ.

ಮನೆಗೆ ಒಂದು ಕೆಲಸ ಕೊಟ್ಟೆ. ಇಷ್ಟದ ಕೆಲಸದಲ್ಲಿ ಶುರುವಿನ ಸಂಬಳ ಎಷ್ಟು ಅಂತ ವಿಚಾರಿಸಬೇಕು. ಬಾಡಿಗೆ, ಊಟ, ಓಡಾಟ ಕಳೆದು ಕಂತಿಗೆ ಎಷ್ಟು ಉಳಿಯುತ್ತದೆ ನೋಡಬೇಕು. ಹೆಚ್ಚಿನವರು ಸಂಬಳವನ್ನು ಸುಮ್ನೆ ಊಹಿಸಿ ಜಾಸ್ತಿ ಬರೆದುಕೊಂಡು ಬಂದಿದ್ದರು. ಮತ್ತೆ ವಿಚಾರಿಸಿ ಅಂತ ವಾಪಸ್ ಕಳಿಸಿದೆ.

ಆ ಗುಂಡಿಯ ಹುಡುಗ ಮಾತ್ರ ಹಾಳೆಯಲ್ಲಿ ಸಂಬಳವನ್ನೇ ಬರೆದಿರಲಿಲ್ಲ. ‘ಎರಡು ವರ್ಷಕ್ಕೇ ಓದು ಬಿಟ್ರೆ?’ ಅಂತಷ್ಟೇ ಇತ್ತು. ಇದು ನನ್ನ ಪಾಠದಲ್ಲೇ ಇರಲಿಲ್ಲ. ಡಬ್ಬಿ ತೆಗೆದು ಇಬ್ಬರೂ 125 ಗುಂಡಿ ಎಣಿಸಿದೆವು.