ತಕ್ಕಡಿ ಸರಿ ಇರಲಿ, ಕುರ್ಚಿ ಖಾಲಿ ಇರದಿರಲಿ: ರಾಜ್ಯ ಸರ್ಕಾರ ಗ್ರಾಹಕರನ್ನು ಕಾಯುವುದು ಹೇಗೆ?

ಕಳೆದ ದೀಪಾವಳಿಯ ಹಿಂದಿನ ಸಂಜೆ. ಸಿಹಿ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಂದು ಕೆಜಿ ಮೈಸೂರು ಪಾಕ್ ಕೇಳಿದೆ, ಕೆಜಿಗೆ 640 ರೂಪಾಯಿ. ಹುಡುಗ ರಟ್ಟಿನ ಡಬ್ಬಿಯನ್ನು ಸ್ಕೇಲಿನ ಮೇಲಿಟ್ಟ. ಜೀರೋ ಮಾಡದೆ ಹಾಗೇ ತುಂಡುಗಳನ್ನು ಜೋಡಿಸುತ್ತಾ ಹೋದ. 1000 ಅಂತ ಬಂದ ಕೂಡಲೇ ಮುಚ್ಚಳ ಹಾಕಿದ.

‘ಡಬ್ಬಿ ಬಿಟ್ಟು ತೂಗಪ್ಪ’ ಅಂದೆ.

‘ಎಲ್ಲಾ ಕಡೆ ಹಿಂಗೇ ಅಲ್ವಾ ಅಕ್ಕಾ’ ಅಂದ.

ಪಟ್ಟು ಹಿಡಿದು ಒಂದು ಖಾಲಿ ಡಬ್ಬಿ ತೂಗಿಸಿದೆ. 90 ಗ್ರಾಂ. ಅಂದರೆ 57 ರೂಪಾಯಿ 60 ಪೈಸೆ ಬರೀ ರಟ್ಟಿಗೆ. ಅವನು ಮಾತಿಲ್ಲದೆ ಇನ್ನೆರಡು ತುಂಡು ಹಾಕಿಕೊಟ್ಟ. ನನ್ನ ಹಿಂದೆ ನಿಂತಿದ್ದವರ ಡಬ್ಬಿಗಳು ಮಾತ್ರ ಮೊದಲಿನ ಹಾಗೇ ಸ್ಕೇಲಿಗೆ ಏರಿದವು.

ನನ್ನ ಹಿಂದಿದ್ದ ಆ ಸಾಲಿನ ಬಗ್ಗೆಯೇ ಈ ಲೇಖನ. ಜಗಳ ಆಡುವವರು ಹೇಗೋ ತಮ್ಮದನ್ನು ಪಡೆಯುತ್ತಾರೆ. ಜಗಳಕ್ಕೆ ಹೊತ್ತಿಲ್ಲದವರ, ಬಾಯಿ ಬಾರದವರ ಡಬ್ಬಿಯೂ ಜೀರೋ ಆಗಬೇಕು. ಅದನ್ನು ಮಾಡಿಸುವ ಶಕ್ತಿ ಇರುವುದು ಸರ್ಕಾರಕ್ಕೆ. 2020ರ ಜುಲೈ 20ರಿಂದ ಜಾರಿಗೆ ಬಂದಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ-2019 ದಿಲ್ಲಿಯಲ್ಲಿ ಆದ ಕಾನೂನು, ನಿಜ. ಆದರೆ ಅದನ್ನು ನಡೆಸುವ ಕೈಗಳು ಬಹುಪಾಲು ರಾಜ್ಯದವು. ಹೊಸ ಕಾನೂನು ಬರಲಿ ಅಂತ ಕಾಯಬೇಕಾಗಿಲ್ಲ. ಕೈಯಲ್ಲಿ ಇರುವುದನ್ನೇ ಹಿಡಿದು ಶುರು ಮಾಡಬಹುದು. ಹೇಗೆ? ನೋಡೋಣ.

ಮೊದಲ ಹೆಜ್ಜೆ: ತಕ್ಕಡಿಯ ಹತ್ತಿರ ಹೋಗಿ

ಜನ ಸಾಮಾನ್ಯವಾಗಿ ‘ತೂಕ-ಅಳತೆ ಇಲಾಖೆ’ ಅನ್ನುತ್ತಾರಲ್ಲ, ಅದರ ಹೆಸರು ಕಾನೂನು ಮಾಪನಶಾಸ್ತ್ರ ಇಲಾಖೆ. ಕಾಯ್ದೆ 2009ರದು, ಕೇಂದ್ರದ್ದು. ಇನ್‌ಸ್ಪೆಕ್ಟರುಗಳು ರಾಜ್ಯದವರು. ಎಲೆಕ್ಟ್ರಾನಿಕ್ ಸ್ಕೇಲನ್ನು 12 ತಿಂಗಳಿಗೊಮ್ಮೆ, ಕಬ್ಬಿಣದ ಬಟ್ಟುಗಳನ್ನು 24 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಲೇಬೇಕು. ಮುದ್ರೆ ಹಾಕಿದ ಪ್ರಮಾಣಪತ್ರ ಅಂಗಡಿಯಲ್ಲಿ ಕಣ್ಣಿಗೆ ಬೀಳುವಂತೆ ಇರಬೇಕು. ನೀವು ತರಕಾರಿ ತರುವ ಅಂಗಡಿಯಲ್ಲಿ ಅದನ್ನು ಎಂದಾದರೂ ನೋಡಿದ್ದೀರಾ?

ಇಲ್ಲಿ ರಾಜ್ಯ ಮಾಡಬಹುದಾದ ಕೆಲಸ ಬೇಕಾದಷ್ಟಿದೆ, ಖರ್ಚು ಕಡಿಮೆ. ಪ್ರತಿ ಸಂತೆಯಲ್ಲಿ, ಪ್ರತಿ ದೊಡ್ಡ ಮಾರ್ಕೆಟ್ಟಿನ ಬಾಗಿಲಲ್ಲಿ ಸರ್ಕಾರದ್ದೇ ಒಂದು ಸ್ಕೇಲ್ ಇಡಬಹುದು. ಒಂದು ಕೆಜಿ ಈರುಳ್ಳಿ ಕೊಂಡವರು ಹೋಗುವಾಗ ಅಲ್ಲಿಟ್ಟು ನೋಡಲಿ. ಕಾವಲುಗಾರ ಬೇಡ, ಭಾಷಣ ಬೇಡ. ಬಾಗಿಲಲ್ಲಿ ಇನ್ನೊಂದು ಸ್ಕೇಲ್ ಇದೆ ಅಂತ ಗೊತ್ತಿದ್ದರೆ ಒಳಗಿನ ತೂಕ ತಾನಾಗಿಯೇ ಸರಿಯಾಗುತ್ತದೆ. ಸರಿಯಾಗಿ ತೂಗುವ ವ್ಯಾಪಾರಿಗೂ ಇದು ಒಳ್ಳೆಯದೇ. ತೂಕ ಹೊಡೆಯುವವನ ಮುಂದೆ ಬೆಲೆಯಲ್ಲಿ ಸೋಲುತ್ತಿರುವವನು ಅವನೇ.

ಎರಡನೆಯದು, ಅಧಿಕಾರಿಗಳು ಜೀಪಿನಲ್ಲಿ ಬರದೆ ಚೀಲ ಹಿಡಿದು ಬರಬೇಕು. ಗ್ರಾಹಕರ ಹಾಗೆ ಕೊಳ್ಳಬೇಕು. ಹಬ್ಬದ ವಾರ ಸಿಹಿ ಅಂಗಡಿಗೆ, ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿಗೆ. ತಣ್ಣಗಿನ ನೀರಿನ ಬಾಟಲಿಗೆ ‘ಕೂಲಿಂಗ್ ಚಾರ್ಜ್’ ಅಂತ ಎರಡೋ ಐದೋ ರೂಪಾಯಿ ಸೇರಿಸುತ್ತಾರಲ್ಲ, ಅದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅಂಗಡಿಯವರು ಅದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು. ಅನುಮಾನ ಬಂದರೆ ಅದರಲ್ಲಿ ಹಿಡಿದು ತೋರಿಸಿ ಅಂತ ಯಾರು ಬೇಕಾದರೂ ಕೇಳಬಹುದು. ಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಎರಡನ್ನೂ ಕೂಡಿಸಿ ತೂಗಿ ನೋಡಿದರೆ ಆಯಿತು. ಅಳತೆ ಪಾತ್ರೆಯ ಈ ಹಕ್ಕು ಬಂಕಿನ ಮೂಲೆಯ ಸಣ್ಣ ಅಕ್ಷರದಲ್ಲಿ ಉಳಿದರೆ ಪ್ರಯೋಜನ ಇಲ್ಲ. ದೊಡ್ಡ ಕನ್ನಡ ಅಕ್ಷರದಲ್ಲಿ, ಪಂಪಿನ ಪಕ್ಕದಲ್ಲೇ ಬರೆಸುವುದು ರಾಜ್ಯಕ್ಕೆ ಒಂದು ಆದೇಶದ ಕೆಲಸ.

ಎರಡನೇ ಹೆಜ್ಜೆ: ಮಾದರಿ ತೆಗೆಯಿರಿ, ಫಲಿತಾಂಶ ಹೇಳಿ

ಇದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಗೋಬಿ ಮಂಚೂರಿಯ 171 ಮಾದರಿ ತೆಗೆದರು. 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15ರಲ್ಲಿ ಅದೇ ಕಥೆ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಮಾರ್ಚ್‌ನಲ್ಲಿ ಈ ಅಂಕಿಗಳನ್ನು ಜನರ ಮುಂದಿಟ್ಟು, ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದರು. ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ನಮ್ಮ ಬೀದಿಯ ಗಾಡಿಯವರು ಮರುವಾರವೇ ಬಣ್ಣ ಬಿಟ್ಟರು, ‘ಕೆಂಪು ಇಲ್ಲ ಅಂದ್ರೂ ರುಚಿ ಅದೇ ಇದೆ’ ಅಂತ ಅವರೇ ಹೇಳಿ ಹೇಳಿ ಮಾರಿದರು.

ಇಲ್ಲಿ ಸರ್ಕಾರ ಸರಿಯಾಗಿ ಮಾಡಿದ್ದೇನು? ಮೊದಲು ಪರೀಕ್ಷೆ, ಆಮೇಲೆ ಆದೇಶ, ಜೊತೆಗೆ ಕಾರಣ. ಇದೇ ಕ್ರಮ ಎಣ್ಣೆಗೆ, ಹಾಲಿಗೆ, ತುಪ್ಪಕ್ಕೆ ವರ್ಷವಿಡೀ ನಡೆಯಬೇಕು. ಫಲಿತಾಂಶ ಫೈಲಿನಲ್ಲಿ ಕೂರದೆ ಪ್ರತಿ ತಿಂಗಳು ತಾಲ್ಲೂಕುವಾರು ಪ್ರಕಟವಾಗಬೇಕು.

ಮೂರನೇ ಹೆಜ್ಜೆ: ಆಯೋಗದ ಕುರ್ಚಿ ತುಂಬಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯ ಇದು.

ನಮ್ಮ ಅತ್ತಿಗೆ ಕೊಂಡ ಫ್ರಿಜ್ಜಿನ ಕಂಪ್ರೆಸರ್ ಎಂಟೇ ತಿಂಗಳಿಗೆ ಕೆಟ್ಟಿತು. ಕಂಪನಿಯವರು ವೋಲ್ಟೇಜ್ ನೆಪ ಹೇಳಿ ಕೈ ತೊಳೆದುಕೊಂಡರು. ಗ್ರಾಹಕರ ದೂರು ಕೇಳಿ ತೀರ್ಪು ಕೊಡುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಿದೆವು. ಅತ್ತಿಗೆಯ ಜೊತೆ ನಾನೂ ಹೋಗುತ್ತಿದ್ದೆ. ಬೆಳಿಗ್ಗೆ ಆರೂವರೆಯ ಬಸ್ಸು, ಮಡಿಲಲ್ಲಿ ಬಿಲ್ಲು, ವಾರಂಟಿ ಕಾರ್ಡು, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಇದ್ದ ಪ್ಲಾಸ್ಟಿಕ್ ಕವರು. ಹೋದರೆ ಬಾಗಿಲ ಮೇಲೆ ಒಂದು ಕಾಗದ: ‘ಕೋರಂ ಇಲ್ಲ, ಮುಂದಿನ ದಿನಾಂಕ...’ ಅಂದರೆ ವಿಚಾರಣೆಗೆ ಬೇಕಾದಷ್ಟು ಜನ ಆಯೋಗದಲ್ಲಿ ಇಲ್ಲ. ಹೀಗೆ ಒಂದಲ್ಲ, ನಾಲ್ಕು ಸಲ. ನಾಲ್ಕನೇ ಸಲ ಅತ್ತಿಗೆ ಅಂದರು, ‘ಬಸ್ ಚಾರ್ಜಿಗೇ ಫ್ರಿಜ್ಜು ಬರ್ತಿತ್ತು, ಬಿಡು ಸಾಕು.’ ಬಿಟ್ಟೂಬಿಟ್ಟರು.

ಕಾನೂನು ಏನು ಹೇಳುತ್ತದೆ? ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ 3 ತಿಂಗಳಲ್ಲಿ ದೂರು ಇತ್ಯರ್ಥ ಮಾಡಲು ಪ್ರಯತ್ನಿಸಬೇಕು. ವಸ್ತುವನ್ನು ಲ್ಯಾಬಿಗೆ ಕಳಿಸಬೇಕಾಗಿ ಬಂದರೆ 5 ತಿಂಗಳು. ಆದರೆ ಜಿಲ್ಲಾ ಆಯೋಗದಲ್ಲಿ ಅಧ್ಯಕ್ಷರ ಜೊತೆ ಕನಿಷ್ಠ ಒಬ್ಬ ಸದಸ್ಯರು ಕೂತರೇ ವಿಚಾರಣೆ. ಒಂದು ಕುರ್ಚಿ ಖಾಲಿಯಾಗಿ ಇನ್ನೊಬ್ಬರು ರಜೆಯಲ್ಲಿದ್ದರೆ ಆ ದಿನದ ಎಲ್ಲ ಕೇಸುಗಳೂ ಮುಂದಕ್ಕೆ. ಇದು ಇಡೀ ದೇಶದ ರೋಗ. 2021ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡು, ಹುದ್ದೆ ತುಂಬಿ ಅಂತ ರಾಜ್ಯಗಳಿಗೆ ಗಡುವು ಕೊಡಬೇಕಾಯಿತು.

ಪರಿಹಾರ ಕಷ್ಟದ್ದೇನಲ್ಲ. ಒಬ್ಬ ಸದಸ್ಯರ ಅವಧಿ ಯಾವತ್ತು ಮುಗಿಯುತ್ತದೆ ಅನ್ನುವುದು ಅವರು ನೇಮಕವಾದ ದಿನವೇ ಗೊತ್ತಿರುತ್ತದೆ. ಅದಕ್ಕೆ ಆರೇಳು ತಿಂಗಳು ಮುಂಚೆಯೇ ಆಯ್ಕೆ ಶುರು ಮಾಡಿದರೆ ಕುರ್ಚಿ ಒಂದು ದಿನವೂ ಖಾಲಿ ಇರುವುದಿಲ್ಲ. ಆದರೂ ಖಾಲಿಯಾಯಿತು ಅನ್ನಿ. ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಪಕ್ಕದ ಜಿಲ್ಲೆಯ ಅಧ್ಯಕ್ಷರಿಗೋ ಸದಸ್ಯರಿಗೋ ಹೆಚ್ಚುವರಿ ಹೊಣೆ ವಹಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರ ಇದೆ. ಒಂದು ಅಧಿಸೂಚನೆ ಸಾಕು. ಟೈಪಿಸ್ಟ್, ಸ್ಟೆನೋ, ನೋಟಿಸ್ ಕಳಿಸುವ ಗುಮಾಸ್ತರನ್ನೂ ಮರೆಯಬಾರದು. ತೀರ್ಪು ಹೇಳಿದ ಮೇಲೂ ಪ್ರತಿ ಕೈಗೆ ಸಿಗದೆ ಜನ ಅಲೆಯುವುದು ಇವರಿಲ್ಲದ ಕಾರಣಕ್ಕೆ.

ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಹಾಜರಾಗಲು ಕಾಯ್ದೆಯಲ್ಲೇ ಅವಕಾಶ ಇದೆ. ಅತ್ತಿಗೆಯಂಥವರು ಊರಿನ ಗ್ರಾಮ ಒನ್ ಕೇಂದ್ರದಲ್ಲಿ ಕೂತು ವಾದ ಹೇಳುವಂತಾದರೆ ಆರೂವರೆಯ ಬಸ್ಸು ಹಿಡಿಯುವುದು ತಪ್ಪುತ್ತಿತ್ತು.

ನಾಲ್ಕನೇ ಹೆಜ್ಜೆ: ಬಾಗಿಲು ಎಲ್ಲಿದೆ ಅಂತ ತೋರಿಸಿ

ಗ್ರಾಹಕ ಆಯೋಗ ಅಂದರೆ ಕೋರ್ಟು, ವಕೀಲರು, ಸಾವಿರಾರು ರೂಪಾಯಿ ಅಂತ ಹೆದರುವವರೇ ಜಾಸ್ತಿ. ಅಸಲಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ ಬರೀ 200 ರೂಪಾಯಿ. ವಕೀಲರು ಬೇಕೇಬೇಕು ಅಂತಿಲ್ಲ. ವಸ್ತು ಕೊಂಡದ್ದು ಬೇರೆ ಊರಲ್ಲೋ ಆನ್‌ಲೈನಿನಲ್ಲೋ ಆಗಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಕೊಡಬೇಕು. 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗಕ್ಕೆ, ಅದರ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗಕ್ಕೆ.

ಇಷ್ಟು ಮಾತನ್ನು ಪ್ರತಿ ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕು. ಪ್ರತಿ ಆಯೋಗದ ಬಾಗಿಲಲ್ಲಿ ಒಂದು ಸಹಾಯ ಮೇಜು ಬೇಕು. ಕನ್ನಡದಲ್ಲಿ ಅಚ್ಚಾದ ದೂರಿನ ನಮೂನೆ, ಭರ್ತಿ ಮಾಡಿಕೊಡುವ ಒಬ್ಬರು, ಕನ್ನಡದಲ್ಲೇ ತೀರ್ಪು. ತಾನು ಗೆದ್ದೆನೋ ಸೋತೆನೋ ಅಂತ ತಿಳಿಯಲು ಇನ್ನೊಬ್ಬರ ಹತ್ತಿರ ಓದಿಸಬೇಕಾಗಿ ಬಂದರೆ ಆ ನೋವು ಸಣ್ಣದಲ್ಲ.

ಸಣ್ಣ ವ್ಯಾಜ್ಯಗಳಿಗೆ ಮಧ್ಯಸ್ಥಿಕೆ ಕೋಶವೂ ಇದೆ. ಪ್ರತಿ ಆಯೋಗದ ಜೊತೆ ಇದನ್ನು ತೆರೆಯುವುದು ರಾಜ್ಯದ ಕರ್ತವ್ಯ ಅಂತ 74ನೇ ಸೆಕ್ಷನ್ ಹೇಳುತ್ತದೆ. ಎರಡೂ ಕಡೆಯವರು ಒಪ್ಪಿ ಕೂತರೆ ಒಂದೆರಡು ದಿನದಲ್ಲಿ ಮುಗಿಯುವ ಜಗಳಗಳು ಎಷ್ಟೋ ಇವೆ.

ಐದನೇ ಹೆಜ್ಜೆ: ಗೆದ್ದವರ ಕೈಗೆ ಹಣ ಬರಲಿ

ತೀರ್ಪು ಬಂದ ಮೇಲೂ ಹಣ ಕೊಡದವರಿಗೆ 72ನೇ ಸೆಕ್ಷನ್ ಅಡಿ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲು, 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಓದಲು ಚೆನ್ನಾಗಿದೆ. ಆದರೆ ವಾರಂಟ್ ಜಾರಿ ಮಾಡಬೇಕಾದವರು ಪೊಲೀಸರು. ಅವರ ನೂರು ಕೆಲಸಗಳ ನಡುವೆ ಇದು ಕೊನೆಗೆ ಬೀಳುತ್ತದೆ. ಮನೆ, ಫ್ಲ್ಯಾಟ್ ವಿಷಯದಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ಆದೇಶಗಳದ್ದೂ ಇದೇ ಪಾಡು. ಅಲ್ಲಿ ಬಿಲ್ಡರ್ ಬಾಕಿಯನ್ನು ಭೂ ಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬೇಕು, ಅಂದರೆ ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರ ಕೆಲಸ. ಇದಕ್ಕೆಂದೇ ಒಬ್ಬ ತಹಶೀಲ್ದಾರರನ್ನು, ಜಿಲ್ಲೆಗೊಬ್ಬ ಪೊಲೀಸ್ ಅಧಿಕಾರಿಯನ್ನು ಗೊತ್ತು ಮಾಡಿ, ಬಾಕಿದಾರರ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸಿದರೆ ಅರ್ಧ ಜನ ತಾವಾಗಿಯೇ ಕಟ್ಟುತ್ತಾರೆ ಅನ್ನುವುದು ನನ್ನ ನಂಬಿಕೆ.

ಕೊನೆಯ ಹೆಜ್ಜೆ: ಸರ್ಕಾರವೇ ದೂರುದಾರ ಆಗಲಿ

ಮೈಸೂರು ಪಾಕಿನ ಸಾಲಿಗೆ ವಾಪಸ್ ಬರೋಣ. 57 ರೂಪಾಯಿಗಾಗಿ ಯಾರು ಆಯೋಗಕ್ಕೆ ಹೋಗುತ್ತಾರೆ? ಯಾರೂ ಹೋಗುವುದಿಲ್ಲ. ಆದರೆ ಒಂದು ಸಂಜೆ ಇನ್ನೂರು ಡಬ್ಬಿ ಮಾರಿದರೆ ಅದು 11,520 ರೂಪಾಯಿ. ಒಬ್ಬೊಬ್ಬರಿಂದ ಸ್ವಲ್ಪ ಸ್ವಲ್ಪವೇ ಕಿತ್ತುಕೊಳ್ಳುವ ಮೋಸಕ್ಕೆ ಒಬ್ಬೊಬ್ಬರಾಗಿ ಹೋರಾಡುವುದು ಮದ್ದಲ್ಲ.

ಇದಕ್ಕೆ ಕಾಯ್ದೆಯಲ್ಲಿ ದಾರಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೆ. ‘ದೂರುದಾರ’ ಅಂದರೆ ಯಾರು ಅನ್ನುವ ವಿವರಣೆಯಲ್ಲಿ ರಾಜ್ಯ ಸರ್ಕಾರದ ಹೆಸರೂ ಇದೆ. ಅಂದರೆ ಮೋಸ ಹೋದವರ ಪರವಾಗಿ ಸರ್ಕಾರವೇ ಆಯೋಗದ ಮೆಟ್ಟಿಲು ಹತ್ತಬಹುದು. ಅದರ ಮೇಲೆ 16ನೇ ಸೆಕ್ಷನ್: ಬಹಳ ಜನಕ್ಕೆ ಒಟ್ಟಾಗಿ ಅನ್ಯಾಯವಾದಾಗ ಜಿಲ್ಲಾಧಿಕಾರಿ ತನಿಖೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕೊಡಬಹುದು. ಸುಳ್ಳು ಜಾಹೀರಾತೂ ಇದರೊಳಗೆ ಬರುತ್ತದೆ. ಫೀಸು ಹಿಂತಿರುಗಿಸದ ಕೋಚಿಂಗ್ ಸೆಂಟರು, ಕಂತು ಕಟ್ಟಿಸಿಕೊಂಡು ಸೈಟು ಕೊಡದ ಸಂಸ್ಥೆ, ಇಂಥವಕ್ಕೆಲ್ಲ ಇದೇ ಸರಿಯಾದ ದಾರಿ.

ಜೊತೆಗೆ ಸಲಹೆ ಕೊಡಲು ಎರಡು ಗ್ರಾಹಕ ಸಂರಕ್ಷಣಾ ಪರಿಷತ್ತುಗಳು ಇವೆ. ರಾಜ್ಯದ್ದಕ್ಕೆ ಗ್ರಾಹಕ ವ್ಯವಹಾರಗಳ ಸಚಿವರು ಅಧ್ಯಕ್ಷರು, ಜಿಲ್ಲೆಯದ್ದಕ್ಕೆ ಜಿಲ್ಲಾಧಿಕಾರಿ. ಎರಡೂ ವರ್ಷಕ್ಕೆ ಕನಿಷ್ಠ 2 ಸಲ ಸೇರಲೇಬೇಕು. ಮೈಸೂರು ಗ್ರಾಹಕರ ಪರಿಷತ್ತಿನಂಥ ಹಳೆಯ ಸಂಘಟನೆಗಳು ನಮ್ಮಲ್ಲಿವೆ. ಅಂಥವರನ್ನು ಆ ಮೇಜಿಗೆ ಕರೆಯಲಿ. ಬೀದಿಯಲ್ಲಿ ಏನು ನಡೆಯುತ್ತಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಇದೆಲ್ಲ ಸರ್ಕಾರದ ಕೆಲಸ ಸರಿ, ನಾವೇನು ಮಾಡೋಣ ಅಂತೀರಾ? ನಿಮಗೇ ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಸರ್ಕಾರವನ್ನು ಎಬ್ಬಿಸಬೇಕಿದ್ದರೆ 10 ರೂಪಾಯಿ ಶುಲ್ಕದ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ನಾನು ನಮ್ಮ ಜಿಲ್ಲಾಧಿಕಾರಿ ಕಚೇರಿಗೆ ಬರೆದದ್ದು ಇಷ್ಟೇ: ‘ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತು ಕಳೆದ ಎರಡು ವರ್ಷಗಳಲ್ಲಿ ಯಾವ ಯಾವ ದಿನ ಸಭೆ ಸೇರಿದೆ? ಆ ಸಭೆಗಳ ನಡಾವಳಿಯ ಪ್ರತಿ ಕೊಡಿ.’ ಉತ್ತರ ಕೊಡಲು ಅವರಿಗೆ 30 ದಿನ ಸಮಯ ಇದೆ.