ಮೆಟ್ಟಿಲು ಹತ್ತಿ ನೋಡಿದ ನಂದಿದುರ್ಗ, ಹಿಂದಿರುಗುವ ದಾರಿಯ ಊರುಗಳು

ನಂದಿಬೆಟ್ಟಕ್ಕೆ ನಾನು ಎಷ್ಟೋ ಸಲ ಹೋಗಿದ್ದೆ, ನಂದಿದುರ್ಗವನ್ನು ಮಾತ್ರ ನೋಡಿರಲಿಲ್ಲ. ಭಾನುವಾರ ಕಾರಿನಲ್ಲಿ ಹೋಗುವುದು, ಸಾಲಿನಲ್ಲಿ ಕಾಯುವುದು, ಮಂಜು ನೋಡಿ ಇಳಿಯುವುದು, ಅಷ್ಟೇ ಆಗಿತ್ತು. ಈ ಸಲ ವಾರದ ನಡುವೆ ರಜೆ ಹಾಕಿ, ತಂಗಿಯೊಂದಿಗೆ ನಸುಕಿನ ನಾಲ್ಕೂವರೆಗೆ ಹೆಬ್ಬಾಳದಿಂದ ಸ್ಕೂಟರಿನಲ್ಲಿ ಹೊರಟೆ. ಬಿಸಿಲೇರುವ ಮೊದಲು ದೂರದ ದುರ್ಗ, ಬರುವಾಗ ನಂದಿ, ಆವತಿ, ದೇವನಹಳ್ಳಿ. ಈ ಮೂರು ಊರುಗಳನ್ನೂ ಮುಟ್ಟುವ ಹಳೆಯ ರೈಲುಮಾರ್ಗವಿದೆ. ಆದರೆ ಓಡುವುದು ಬೆರಳೆಣಿಕೆಯ ರೈಲುಗಳು, ಒಂದೇ ದಿನದಲ್ಲಿ ಎಲ್ಲ ಕಡೆ ಇಳಿದು ಹತ್ತಲು ಹೊಂದುವುದಿಲ್ಲ.

ಸ್ಕೂಟರನ್ನು ಬೆಟ್ಟದ ಬುಡದ ಸುಲ್ತಾನ್‌ಪೇಟೆಯಲ್ಲಿ ಬಿಟ್ಟು ಕಲ್ಲಿನ ಮೆಟ್ಟಿಲು ಹಿಡಿದೆವು. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳು. ಅರ್ಧ ದಾರಿಗೆ ತಂಗಿ, "ಅಣ್ಣ, ಫಿರಂಗಿ ಹೊತ್ತವರು ಇಲ್ಲಿ ಹೇಗೆ ಹತ್ತಿದರು?" ಎಂದಳು. ಕಾಲು ನೋಯುವಾಗ ಹುಟ್ಟುವ ಪ್ರಶ್ನೆ ಅದು, ಕಾರಿನಲ್ಲಿ ಕೂತವರಿಗೆ ಹೊಳೆಯುವುದಿಲ್ಲ. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕೈಲಿದ್ದ ಈ ಬೆಟ್ಟವನ್ನು ಸುಮಾರು ಮೂರು ವಾರ ಮುತ್ತಿತ್ತು. ಒಂದು ಪಾರ್ಶ್ವ ಬಿಟ್ಟು ಉಳಿದೆಲ್ಲವೂ ಕಡಿದಾದ ಬಂಡೆ. ಆ ಒಂದು ಪಾರ್ಶ್ವಕ್ಕೆ ಎರಡು ಸುತ್ತಿನ ಗೋಡೆಯ ಕಾವಲು. ಇಳಿಜಾರಿನಲ್ಲೇ ದಾರಿ ಮಾಡಿಕೊಂಡು ಫಿರಂಗಿಗಳನ್ನು ಎಳೆದು ತಂದು ಗೋಡೆ ಒಡೆದ ಮೇಲೆಯೇ ಅಕ್ಟೋಬರ್‌ನಲ್ಲಿ ದುರ್ಗ ಬಿದ್ದದ್ದು. ಇದನ್ನು ಮೊದಲೇ ಓದಿದ್ದೆ. ಏದುಸಿರು ಬಿಡುತ್ತಾ ಬಂಡೆಗೆ ಒರಗಿ ಕೆಳಗೆ ನೋಡಿದಾಗಲೇ ಅರ್ಥವಾಯಿತು.

ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಯೋಗನಂದೀಶ್ವರನಿಗೆ ಕೈಮುಗಿದು, ಅಮೃತ ಸರೋವರವನ್ನು ಸುತ್ತಿ ಇಳಿದೆವು. ಇಳಿಯುವಾಗಲೇ ಮಂಡಿ ಹೆಚ್ಚು ನೋಯುವುದು. ಒಂದು ಕೋಲು ಇಟ್ಟುಕೊಳ್ಳಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರಿರಲಿ.

ಕೆಳಗೆ ನಂದಿ ಊರಿನಲ್ಲಿ ಭೋಗನಂದೀಶ್ವರ. ಒಂಬತ್ತನೆಯ ಶತಮಾನದಿಂದ ಬೆಳೆಯುತ್ತಾ ಬಂದ ಗುಡಿ. ಅರುಣಾಚಲೇಶ್ವರ, ಭೋಗನಂದೀಶ್ವರರ ಗುಡಿಗಳ ನಡುವೆ ಉಮಾಮಹೇಶ್ವರ, ಅದರ ಎದುರಿಗೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ. ಆ ಕಂಬಗಳ ಮೇಲಿನ ಗಿಳಿ, ಬಳ್ಳಿಗಳನ್ನು ನೋಡುತ್ತಾ ಗಂಟೆ ಕಳೆದದ್ದೇ ತಿಳಿಯಲಿಲ್ಲ. ಗುಡಿಯ ಕಲ್ಯಾಣಿ ಶೃಂಗಿತೀರ್ಥದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತೆವು.

ಆವತಿಯ ಬಗ್ಗೆ ನನಗೆ ಒಂದು ನೋವಿದೆ. ಹೈದರಾಬಾದ್ ಹೆದ್ದಾರಿಯಲ್ಲಿ ಸಾವಿರಾರು ಬೆಂಗಳೂರಿಗರು ಇದರ ಪಕ್ಕದಲ್ಲೇ ಹೋಗುತ್ತಾರೆ, ನಿಲ್ಲುವವರಿಲ್ಲ. ಕಂಚಿಯ ಕಡೆಯಿಂದ ಮಗಳ ಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಬಂಡಿಗಳಲ್ಲಿ ಹೊರಟು ಬಂದ ರಣಭೈರೇಗೌಡ ಮತ್ತು ಅವನ ಬಂಧುಗಳು ಆವತಿಯ ಬೆಟ್ಟದ ಬುಡದಲ್ಲಿ ಗುಡಿಸಲು ಕಟ್ಟಿದರು ಎಂದು ಪರಂಪರೆಯ ಕಥೆ ಹೇಳುತ್ತದೆ. ದೇವನಹಳ್ಳಿಯ ಪಾಳೆಯಗಾರರೂ ಯಲಹಂಕ ನಾಡಪ್ರಭುಗಳೂ ಈ ಬಳಗದವರೇ. ಆ ಯಲಹಂಕದ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು. ನಮ್ಮ ಊರಿನ ಬೇರು ಇಲ್ಲಿದೆ. ಸಣ್ಣ ಹೋಟೆಲಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು, ಊರ ಬೀದಿಗಳಲ್ಲಿ ಸುಮ್ಮನೆ ನಡೆದೆವು.

ದೇವನಹಳ್ಳಿ ಕೋಟೆ ತಲುಪಿದಾಗ ನಾಲ್ಕು ಗಂಟೆ. 1501ರಲ್ಲಿ ಮಲ್ಲಭೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. 1749ರಲ್ಲಿ ಅದು ಮೈಸೂರಿನವರ ವಶವಾಯಿತು, ಆಮೇಲೆ ಹೈದರಾಲಿಯ ಕಾಲದಲ್ಲಿ ಕಲ್ಲಿನದಾಯಿತು. ಟಿಪ್ಪು ಹುಟ್ಟಿದ ಜಾಗದ ಗುರುತು ಗೋಡೆಯ ಹೊರಗೆ, ಸಮೀಪದಲ್ಲೇ ಇದೆ. ಈ ಕೋಟೆ ನನಗೆ ಎಲ್ಲಕ್ಕಿಂತ ಇಷ್ಟವಾಗಲು ಕಾರಣ ಒಳಗಿನ ಮನೆಗಳು. ಹೆಬ್ಬಾಗಿಲು ದಾಟಿದರೆ ಬೀದಿ, ಹಸು, ಒಗೆದು ಹರವಿದ ಬಟ್ಟೆ, ವೇಣುಗೋಪಾಲಸ್ವಾಮಿ ಗುಡಿ. ಕೊತ್ತಲದ ಮೇಲೆ ಹೋಗಲು ದಾರಿ ಕೇಳಿದೆವು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ, "ಗೋಡೆ ಎಲ್ಲಿಗೂ ಹೋಗುವುದಿಲ್ಲ ಮಗಳೇ, ಮೊದಲು ನೀರು ಕುಡಿ" ಎಂದು ತಂಗಿಯ ಕೈಗೆ ಚೊಂಬು ಕೊಟ್ಟರು.

ಅವರ ಪಕ್ಕದಲ್ಲಿ ಕೂತು ನಾವೂ ಒಂದು ಮೊರ ಕಾಯಿ ಬಿಡಿಸಿದೆವು. ಕೊತ್ತಲ ಹತ್ತುವಾಗ ಸೂರ್ಯ ಇಳಿದಿದ್ದ.